ತೊಂದರೆ ಹೇಳುವ ಕವಾಯತು

“ಒಟ್ಟಿನಲ್ಲಿ ಏನಾದ್ರೂ ತೊಂದರೆ ಇದೆಯೇನ್ರಪ್ಪಾ?” ಎಂದು ಸಮಿತಿಯ ಅಧ್ಯಕ್ಷರು ಕೇಳಿದ್ದೇ ತಡ, ಸಾಲಾಗಿ ನಿಂತಿದ್ದ ಒಂಬತ್ತು ಜನ ಎದೆ ಸೆಟೆಸಿ, ಗಲ್ಲ ಎತ್ತಿ, ಒಂದೇ ಗಂಟಲಿನಲ್ಲಿ ಕೂಗಿದರು:

“ಇಲ್ಲ ಸಾರ್!”

ಬನಶಂಕರಿಯ ಆ ಕಲ್ಯಾಣ ಮಂಟಪದ ತಗಡಿನ ಮಾಡು ಗುಂಯ್ ಎಂದಿತು. ಹಿಂದಿನ ಬೆಂಚಿನಲ್ಲಿ ನಲ್ಲಿ ನೀರಿನ ಅರ್ಜಿ ಹಿಡಿದು ಕೂತಿದ್ದ ಹೆಂಗಸರು ಬೆಚ್ಚಿಬಿದ್ದರು. ಅಧ್ಯಕ್ಷ ಅನಂತಪದ್ಮನಾಭ ಅವರಿಗೆ ಮಾತ್ರ ಸಂತೋಷವಾಯಿತು. ಬೆಳಗಿನಿಂದ ಚರಂಡಿ, ಬೀದಿದೀಪ, ಬಸ್ಸು ಎಂದು ಜನರ ಗೋಳು ಕೇಳಿ ಕೇಳಿ ಸುಸ್ತಾಗಿದ್ದ ಶಾಸಕರು ಅವರು. “ಭೇಷ್! ಸೈನಿಕರು ಅಂದ್ರೆ ಹೀಗಿರಬೇಕು ನೋಡಿ” ಎಂದು ಪಕ್ಕದಲ್ಲಿ ಕೂತಿದ್ದ ಇನ್ನೂ ಮೂವರು ಶಾಸಕರ ಕಡೆ ತಿರುಗಿ ತಲೆದೂಗಿದರು. ಕೆಳಗೆ ಮೇಜು ಹಾಕಿಕೊಂಡು ಬರೆಯುತ್ತಿದ್ದ ಸಮಿತಿಯ ಗುಮಾಸ್ತ ರಾಮಪ್ರಸಾದ ‘ಅರ್ಜಿದಾರರು ತಮಗೆ ಯಾವ ತೊಂದರೆಯೂ ಇಲ್ಲವೆಂದು ತಿಳಿಸಿರುತ್ತಾರೆ’ ಎಂದು ಬರೆದು, ಅರ್ಜಿಯನ್ನು ಮುಗಿದ ಕಡತಗಳ ಕಟ್ಟಿಗೆ ಸೇರಿಸಿ, ಮುಂದಿನ ಹೆಸರು ಕೂಗಿದ.

ಒಂಬತ್ತು ಜನರೂ ಎಬೌಟ್ ಟರ್ನ್ ಮಾಡಿ ಹೊರಗೆ ಬಂದರು. ತಿರುಗಲು ಸ್ವಲ್ಪ ಹೊತ್ತೇ ಹಿಡಿಯಿತು. ಅವರೆಲ್ಲರಿಗೂ ಸೇರಿ ಸ್ವಂತದ ಕಾಲು ಎಂಟು. ಉಳಿದ ಹತ್ತು ಸರ್ಕಾರದ್ದು.

ಮೆಟ್ಟಿಲಿಳಿದು ಹೊಂಗೆ ಮರದ ಕೆಳಗೆ ಬಂದ ಮೇಲೆ ಹವಾಲ್ದಾರ್ ಕೊಟ್ರಪ್ಪ ನಿಂತ. ಅವನು ಕೂಡ್ಲಿಗಿ ಕಡೆಯವನು, ಇವರೆಲ್ಲರಿಗಿಂತ ಹಿರಿಯ, ಒಂದು ಕಾಲದಲ್ಲಿ ಹೊಸ ಜವಾನರಿಗೆ ಕವಾಯತು ಕಲಿಸುತ್ತಿದ್ದವನು. ಮೀಸೆ ಮೇಲೆ ಕೈಯಾಡಿಸುತ್ತ, “ಲೇ ಬೈಲಪ್ಪ, ನಾವು ಈಗ ಏನಂದ್ವಿ ಒಳಗ?” ಎಂದು ಕೇಳಿದ.

“ಇಲ್ಲ ಸಾರ್ ಅಂದ್ವಿ, ಹವಾಲ್ದಾರ್ ಸಾಬ್.”

“ಅವ್ರು ಏನು ಕೇಳಿದ್ರು?”

ಬೈಲಪ್ಪನ ಮುಖ ಬಿಳಿಚಿಕೊಂಡಿತು. “ಅಯ್ಯೋ ದೇವ್ರೇ” ಎಂದ.

ಇಂಥವರಿಗೆ ಏನು ಹೇಳುವುದು, ನೀವೇ ಹೇಳಿ. ಬೈಯೋಣವೆಂದರೆ ಬಾಯಿ ಬರುವುದಿಲ್ಲ. ಸೈನ್ಯದಲ್ಲಿ ದರ್ಬಾರು ಎಂದೊಂದು ಇರುತ್ತದೆ. ದೊಡ್ಡ ಸಾಹೇಬರು ಜವಾನರನ್ನೆಲ್ಲ ಕೂಡಿಸಿ ಮಾತಾಡಿ ಕೊನೆಯಲ್ಲಿ ‘ಕೋಯೀ ತಕಲೀಫ್?’, ಅಂದರೆ ಏನಾದರೂ ತೊಂದರೆ ಇದೆಯೇ, ಎಂದು ಕೇಳುತ್ತಾರೆ. ‘ನಹೀ ಸಾಬ್!’ ಎಂದು ಇಡೀ ಪಡೆ ಕೂಗುತ್ತದೆ. ಅನ್ನದಲ್ಲಿ ಕಲ್ಲಿರಲಿ, ಬೂಟಿನಲ್ಲಿ ತೂತಿರಲಿ, ಊರಲ್ಲಿ ತಾಯಿ ಹಾಸಿಗೆ ಹಿಡಿದಿರಲಿ, ಉತ್ತರ ಅದೊಂದೇ. ಹತ್ತು ಹದಿನೈದು ವರ್ಷ ಹಾಗೆ ಕೂಗಿ ಪಳಗಿದ ಗಂಟಲಿಗೆ ಎದುರಿಗೆ ಕೂತವನು ಕರ್ನಲ್ಲೋ ಶಾಸಕನೋ ಹೇಗೆ ಗೊತ್ತಾಗಬೇಕು?

ಅವರು ಕೇಳಲು ಹೋಗಿದ್ದು ದೊಡ್ಡದೇನೂ ಅಲ್ಲ. ಸೈನ್ಯ ಕೊಟ್ಟ ಕಾಲಿನ ಬೋಲ್ಟು ಸಡಿಲವಾದರೂ, ಪಟ್ಟಿ ಕಿತ್ತರೂ, ಪಾದ ಸೀಳಿದರೂ ಸೈನ್ಯದ ಕೃತಕ ಕಾಲಿನ ಕೇಂದ್ರವಿರುವ ಪುಣೆಗೇ ಹೋಗಬೇಕು. ಮೊದಲು ಕಾಗದ ಬರೆಯಬೇಕು, ಕರೆ ಬರುವವರೆಗೆ ಕಾಯಬೇಕು, ರಜೆ ಹಾಕಬೇಕು, ರೈಲು ಹತ್ತಬೇಕು, ಅಲ್ಲಿ ಹೋಗಿ ಸರದಿಯಲ್ಲಿ ಕೂರಬೇಕು. ಪುಣೆಯವರ ಕೆಲಸ ಚಿನ್ನದಂಥದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪುಣೆ ಇರುವುದು ಪುಣೆಯಲ್ಲಿ. ಬೆಂಗಳೂರಿನಲ್ಲೇ ಒಂದು ಕೋಣೆ, ಅಲ್ಲೊಬ್ಬ ಕೆಲಸ ಬಲ್ಲ ಮನುಷ್ಯ, ಅವನಿಗೊಂದಿಷ್ಟು ಸಾಮಾನು, ಇಷ್ಟು ಆಗಲಿ ಎಂದು ಬೈಲಪ್ಪ ಎರಡು ವರ್ಷ ಓಡಾಡಿ, ತಿಲಕ್ ನಗರ, ಹನುಮಂತನಗರ, ಯಡಿಯೂರು ಎಂದು ಮನೆಮನೆ ಹುಡುಕಿ ಜನ ಸೇರಿಸಿ, ಸಹಿ ಹಾಕಿಸಿ, ಶಾಸಕರ ಸಮಿತಿಯ ಮುಂದೆ ಅರ್ಜಿ ಬರುವಂತೆ ಮಾಡಿದ್ದ. ಅದು ಎಂಬತ್ತೊಂದನೆಯ ಇಸವಿ. ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ಪಶ್ಚಿಮದ ಗಡಿಯಲ್ಲಿ ನೆಲಬಾಂಬುಗಳನ್ನು ತೆಗೆಯುವಾಗ ಅವನು ಎಡಗಾಲನ್ನು ಕಳೆದುಕೊಂಡು ಹತ್ತು ವರ್ಷವಾಗುತ್ತ ಬಂದಿತ್ತು.

ಬೈಲಪ್ಪ ಮತ್ತೆ ಮೆಟ್ಟಿಲು ಹತ್ತಿ ಒಳಗೆ ಹೋದ. ರಾಮಪ್ರಸಾದ ತಲೆ ಎತ್ತಲಿಲ್ಲ.

“ಬರ್ದದ್ದು ಬರ್ದಾಯ್ತಲ್ಲ ಸಾರ್. ನೀವೇ ತಾನೆ ಹೇಳಿದ್ದು? ಮುಂದಿನ ಶನಿವಾರ ಜಯನಗರದಲ್ಲಿ ಕೊನೇ ಸಿಟ್ಟಿಂಗು. ಸೋಮವಾರ ವರದಿ ಸದನಕ್ಕೆ ಹೋಗುತ್ತೆ. ಅಷ್ಟೇ.”

ಮನೆಗೆ ಬಂದು ಬೈಲಪ್ಪ ಹೆಂಡತಿಗೆ ನಡೆದದ್ದನ್ನು ಹೇಳಿದ. ಈಶ್ವರಮ್ಮ ಸೊಪ್ಪು ಬಿಡಿಸುತ್ತಿದ್ದಳು. ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸೊಪ್ಪಿನ ಮೊರವನ್ನು ಪಕ್ಕಕ್ಕೆ ತಳ್ಳಿ ಎದ್ದು ನಿಂತಳು.

“ಒಂಬತ್ತೂ ಜನಾನಾ?”

“ಹೂಂ.”

“ಒಬ್ರಿಗಾದ್ರೂ ನಾಲಿಗೆ ತಡೀಲಿಲ್ವಾ? ಅಲ್ರೀ, ಎರಡು ವರ್ಷದಿಂದ ನಂಗೂ ನಿದ್ದೆ ಇಲ್ಲ ನಿಮಗೂ ನಿದ್ದೆ ಇಲ್ಲ. ಆ ಅರ್ಜೀನ ನಾಲ್ಕು ಸಲ ಬರ್ದು ಹರಿದು ಹಾಕಿದ್ರಿ. ಇವತ್ತು ಇಸ್ತ್ರಿ ಬಟ್ಟೆ ಹಾಕ್ಕೊಂಡು, ಮೆಡಲ್ ಚುಚ್ಕೊಂಡು, ಹೋಗಿ ತೊಂದರೆ ಇಲ್ಲ ಅಂತ ಕಿರುಚಿ ಬಂದ್ರಾ? ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರಂತೆ. ನಿಮ್ಮಂಥೋರು ಸುಗ್ಗೀಲೂ ಉಪವಾಸ ಬೀಳ್ತೀರ!”

“ಅಭ್ಯಾಸ ಕಣೇ ಈಶ್ವರಿ. ಬಾಯಿಗೆ ತಾನೇ ಬಂದ್ಬಿಡ್ತು.”

“ಹಾಗಾದ್ರೆ ಅಭ್ಯಾಸ ಬಿಡಿಸ್ಬೇಕು” ಎಂದಳು ಈಶ್ವರಮ್ಮ. “ಎಂಟು ದಿನ ಇದೆಯಲ್ಲ. ಹೋಗಿ ಹವಾಲ್ದಾರರನ್ನ ಕರ್ಕೊಂಡ್ ಬನ್ನಿ. ಆವಯ್ಯ ಕವಾಯತು ಕಲಿಸ್ತಿದ್ರು ಅಲ್ವಾ? ಇದನ್ನೂ ಕಲಿಸ್ಲಿ.”

ಹೇಳಿದಂತೆಯೇ ಆಯಿತು. ಮರುದಿನ ಭಾನುವಾರ ಮಧ್ಯಾಹ್ನ ತಿಲಕ್ ನಗರದ ಬೈಲಪ್ಪನ ವಠಾರದ ಮುಂದಿನ ಖಾಲಿ ಸೈಟಿನಲ್ಲಿ ಒಂಬತ್ತು ಜನ ಸಾಲುಗಟ್ಟಿದರು. ಮನೆಯಿಂದ ಕಬ್ಬಿಣದ ಮಡಿಚುವ ಕುರ್ಚಿ ತಂದು ಹಾಕಿದರು. ಅದರ ಮೇಲೆ ಶಾಸಕರ ಬದಲಿಗೆ ಈಶ್ವರಮ್ಮ ಕೂತಳು. ವಠಾರದ ಹೆಂಗಸರು ಬಟ್ಟೆ ಹಿಂಡುವುದನ್ನು ಬಿಟ್ಟು ನೋಡಲು ನಿಂತರು.

“ಸಾವಧಾನ್!” ಎಂದ ಕೊಟ್ರಪ್ಪ. “ಕೇಳ್ರಿ ಎಲ್ಲಾರೂ. ಒಟ್ಟಿಗೆ ಕೂಗೋದು ಇವತ್ತಿನಿಂದ ಬಂದ್. ಒಬ್ಬೊಬ್ಬನಾ ಮುಂದ ಬರಬೇಕು, ತೊಂದರಿ ಹೇಳಬೇಕು, ಹಿಂದ ಹೋಗಬೇಕು. ನಾಚಿಕಿ ಪಾಚಿಕಿ ಇಲ್ಲಿ ನಡಿಯಾಂಗಿಲ್ಲ. ಅಮ್ಮಾ, ನೀವು ಕೇಳ್ರಿ.”

ಈಶ್ವರಮ್ಮ ಸೆರಗು ಸರಿಮಾಡಿಕೊಂಡು, ಗಂಟಲು ದೊಡ್ಡದು ಮಾಡಿ, “ಏನಾದ್ರೂ ತೊಂದರೆ ಇದೆಯೇನ್ರಪ್ಪಾ?” ಎಂದಳು.

“ಇಲ್...” ಎಂದು ಐದಾರು ಗಂಟಲು ಹೊರಟು ಅರ್ಧಕ್ಕೆ ನಿಂತವು. ಹೆಂಗಸರು ಕಿಸಕ್ಕನೆ ನಕ್ಕರು. ಕೊಟ್ರಪ್ಪ ತಲೆ ಚಚ್ಚಿಕೊಂಡ. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಒಬ್ಬ ಮುಂದೆ ಬಂದು, “ತೊಂದರೆ ಅಂತ ಏನಿಲ್ಲ ಸಾರ್, ಆದ್ರೂ ತಾವು ಕೇಳಿದ್ರಿ ಅಂತ...” ಎಂದು ಸೀಮೆಯೆಲ್ಲ ಸುತ್ತಿ ಬಂದು ಕೊನೆಗೆ ಕ್ಷಮೆ ಕೇಳಿ ಹಿಂದೆ ಹೋದ. ಬಾಂಬಿಗೆ ಹೆದರದ ಗಂಡಸರು ಒಂದು ಮಾತಿಗೆ ಬೆವರಿಳಿಸುತ್ತಿದ್ದರು.

ಆಮೇಲೆ ಗಂಗಯ್ಯ ಮುಂದೆ ಬಂದ. ಎರಡೂ ಕಾಲು ಕಳೆದುಕೊಂಡವನು ಅವನೊಬ್ಬನೇ, ಅರವತ್ತೈದರ ಯುದ್ಧದವನು. ಮಾತೇ ಆಡದ ಮನುಷ್ಯ. ಎರಡು ಊರುಗೋಲಿನ ಮೇಲೆ ಭಾರ ಬಿಟ್ಟು ನಿಂತು ನೆಲ ನೋಡುತ್ತ ಹೇಳಿದ:

“ಹೋದ್ ವರ್ಷ ಎರಡೂ ಪಾದ ಸೀಳೋಯ್ತು. ಪುಣೆಯಿಂದ ಕಾಗದ ಬರೋಕೆ ಮೂರ್ ತಿಂಗಳಾಯ್ತು. ಅಷ್ಟೂ ದಿನ ನನ್ ಮಗಳು ನನ್ನ ಎತ್ಕೊಂಡು ಕಕ್ಕಸಿಗೆ ಕರ್ಕೊಂಡ್ ಹೋದ್ಲು. ಹದಿನಾಲ್ಕು ವರ್ಷ ಅವಳಿಗೆ. ನನ್ ಮುಖಾನೇ ನೋಡ್ತಿರ್ಲಿಲ್ಲ ಅವಳು, ನಂಗೆ ನಾಚಿಕೆ ಆಗುತ್ತೆ ಅಂತ.”

ಗಂಗಯ್ಯ ಹಿಂದೆ ಹೋಗುವುದನ್ನೂ ಮರೆತು ಅಲ್ಲೇ ನಿಂತಿದ್ದ. ಕೊಟ್ರಪ್ಪ ಅವನ ಹೆಗಲ ಮೇಲೆ ಕೈಯಿಟ್ಟು ಸಾಲಿಗೆ ಕರೆದುಕೊಂಡು ಹೋದ.

ಸರದಿ ಬೈಲಪ್ಪನದಾಯಿತು. ಈಶ್ವರಮ್ಮನಿಗೆ ಗಂಡನ ತೊಂದರೆ ಗೊತ್ತಿದ್ದುದೇ. ಬೋಲ್ಟು ಸಡಿಲವಾಗಿದೆ, ಸೈಕಲ್ ಶಾಪಿನವನು ಬಿಗಿ ಮಾಡಿ ಟ್ಯೂಬು ಸುತ್ತಿ ಕೊಟ್ಟಿದ್ದಾನೆ, ನಡೆದರೆ ಕಿರ್ ಎನ್ನುತ್ತದೆ. ಅಷ್ಟನ್ನು ಹೇಳುತ್ತಾನೆ ಎಂದುಕೊಂಡು ಮುಂಚೆಯೇ ತಲೆಯಾಡಿಸಲು ಸಿದ್ಧಳಾಗಿ, “ನಾಯಕ್ ಬೈಲಪ್ಪ, ನಿಮಗೇನ್ರೀ ತೊಂದರೆ?” ಎಂದಳು.

ಬೈಲಪ್ಪ ಅವಳನ್ನು ನೋಡಲಿಲ್ಲ. ಅವಳ ತಲೆಯ ಮೇಲೆ ಎಲ್ಲೋ ನೋಡುತ್ತ ಹೇಳಿದ.

“ಕಾಲು ಕೊಟ್ಟಾಗ ಅಳತೆ ಸರಿ ಇತ್ತು ಸಾರ್. ಈಗ ನನ್ನ ಮೋಟು ಸಣ್ಣಗಾಗಿದೆ. ಮೂರು ಕಾಲುಚೀಲ ಒಂದರ ಮೇಲೊಂದು ಹಾಕ್ತೀನಿ. ಆದ್ರೂ ಒಳಗೆ ಉಜ್ಜುತ್ತೆ. ಬ್ಯಾಂಕಲ್ಲಿ ಅಟೆಂಡರ್ ಕೆಲಸ, ದಪ್ಪ ದಪ್ಪ ಲೆಡ್ಜರ್ ಹೊತ್ಕೊಂಡು ಆ ಕೌಂಟರಿಂದ ಈ ಕೌಂಟರಿಗೆ ನಡೀಬೇಕು. ಹನ್ನೆರಡು ಗಂಟೆಗೆಲ್ಲ ರಕ್ತ ಬರುತ್ತೆ. ಊಟದ ಹೊತ್ತಲ್ಲಿ ರೆಕಾರ್ಡ್ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡು ಕಾಲು ಬಿಚ್ತೀನಿ. ಕಾಲುಚೀಲ ಅಲ್ಲೇ ನಲ್ಲೀಲಿ ತೊಳೀತೀನಿ. ಮನೆಗೆ ಒಯ್ದರೆ ನನ್ ಹೆಂಡ್ತಿ ನೋಡ್ತಾಳೆ.”

“ಎಷ್ಟು ದಿನದಿಂದ?” ಎಂದಳು ಈಶ್ವರಮ್ಮ. ಅದು ಶಾಸಕರ ಧ್ವನಿಯಾಗಿರಲಿಲ್ಲ.

“ಮೂರು ವರ್ಷ.”

“ಯಾಕ್ರೀ ಹೇಳ್ಲಿಲ್ಲ?”

“ನೀನು ದಿನಾ ಕೇಳ್ತಿದ್ದೆ. ನಾನು ದಿನಾ ಇಲ್ಲ ಅಂತಿದ್ದೆ. ಒಂದು ಸಲ ಇಲ್ಲ ಅಂದ್ಮೇಲೆ ಮಾರನೇ ದಿನ ಹೌದು ಅನ್ನೋದು ಕಷ್ಟ ಕಣೇ.”

ಅವಳಿಗೆ ಎದ್ದು ಹೋಗಿ ಆ ಕಾಲನ್ನು ಅಲ್ಲೇ ಬಿಚ್ಚಿ ನೋಡಬೇಕೆನಿಸಿತು. ಅವನನ್ನು ಹಿಡಿದು ಬಾಯಿಗೆ ಬಂದಂತೆ ಬೈಯಬೇಕೆನಿಸಿತು. ಆದರೆ ಸಾಲಿನಲ್ಲಿ ಇನ್ನೂ ಐದು ಜನ ಬಾಕಿ ಇದ್ದರು, ಅವರಿಗೂ ಕಲಿಯುವುದಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು, “ಮುಂದಿನೋರು ಬನ್ನಿ” ಎಂದಳು.

ಆ ರಾತ್ರಿ ಅವಳು ಬಿಸಿನೀರು ಕಾಯಿಸಿ ತಂದಳು. ಬೈಲಪ್ಪ ಬೇಡ ಎನ್ನಲಿಲ್ಲ.

ಶನಿವಾರ ಜಯನಗರದ ಶಾಲೆಯೊಂದರ ಹಾಲಿನಲ್ಲಿ ಸಮಿತಿ ಕೂತಿತ್ತು. ಒಂಬತ್ತು ಜನರ ಹಿಂದೆ ಹತ್ತನೆಯವಳಾಗಿ ಈಶ್ವರಮ್ಮನೂ ಹೋದಳು. ರಾಮಪ್ರಸಾದ ಇವರನ್ನು ಕಂಡವನೇ ಎದ್ದು ಬಂದ.

“ನಿಮ್ ಅರ್ಜಿ ಮುಗ್ದೋಯ್ತಲ್ಲ ಸಾರ್. ಮತ್ತೆ ಯಾಕ್ ಬಂದ್ರಿ?”

“ಅಧ್ಯಕ್ಷರ ಹತ್ರ ಎರಡು ಮಾತು.”

“ಪಟ್ಟೀಲಿ ನಿಮ್ ಹೆಸ್ರಿಲ್ಲ.”

“ಕಾಯ್ತೀವಿ” ಎಂದ ಬೈಲಪ್ಪ. ಕಾಯುವುದರಲ್ಲಿ ಅವರನ್ನು ಮೀರಿಸುವವರು ಯಾರು? ಹತ್ತಕ್ಕೆ ಬಂದವರು ಒಂದೂವರೆಯವರೆಗೆ ಗೋಡೆಗೆ ಒರಗದೆ ನಿಂತರು. ಬೆಂಚು ಕೊಟ್ಟರೆ ಗಂಗಯ್ಯನನ್ನು ಮಾತ್ರ ಕೂರಿಸಿದರು. ಹಾಲಿನಲ್ಲಿ ಬಂದುಹೋಗುವವರೆಲ್ಲ ಇವರನ್ನು ನೋಡುವವರೇ. ಕೊನೆಗೆ ಅನಂತಪದ್ಮನಾಭ ಅವರೇ ಕನ್ನಡಕದ ಮೇಲಿನಿಂದ ನೋಡಿ, “ಓ, ನಮ್ ಜವಾನ್ರು! ಬನ್ನಿ ಬನ್ನಿ. ಏನು ಬಂದದ್ದು?” ಎಂದರು.

“ಸಾರ್, ಅವರದು ಇತ್ಯರ್ಥ ಆಗಿದೆ” ಎಂದು ರಾಮಪ್ರಸಾದ ಕಾಗದ ತೆರೆದ. “ತೊಂದರೆ ಇಲ್ಲ ಅಂತ ಇವರೇ ಹೇಳಿಕೆ ಕೊಟ್ಟಿದಾರೆ. ದಾಖಲಾಗಿದೆ.”

ಬೈಲಪ್ಪ ಮುಂದೆ ಹೋಗಿ ಸೆಲ್ಯೂಟ್ ಹೊಡೆದ.

“ಅದನ್ನ ಹೇಳೋಕೇ ಬಂದೆ ಸಾರ್. ಅವತ್ತು ನಾನು ಸುಳ್ಳು ರಿಪೋರ್ಟ್ ಕೊಟ್ಟೆ. ಸೈನ್ಯದಲ್ಲಿ ಸುಳ್ಳು ರಿಪೋರ್ಟಿಗೆ ಶಿಕ್ಷೆ ಇದೆ. ಬಾಂಬು ಇರೋ ಜಾಗದಲ್ಲಿ ಇಲ್ಲ ಅಂತ ರಿಪೋರ್ಟ್ ಕೊಟ್ರೆ ಹಿಂದೆ ಬರೋರು ಸಾಯ್ತಾರೆ. ಇವರನ್ನೆಲ್ಲ ಕರ್ಕೊಂಡು ಬಂದೋನು ನಾನು, ಆದ್ರಿಂದ ಶಿಕ್ಷೆ ನನಗೆ. ರಿಪೋರ್ಟ್ ಮಾತ್ರ ತಿದ್ದಬೇಕು ಸಾರ್.”

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. ನಲವತ್ತು ವರ್ಷ ವಕೀಲಿಕೆ, ರಾಜಕೀಯ ಎರಡನ್ನೂ ಮಾಡಿದವರಿಗೆ ಸುಳ್ಳು ಹೇಳಿದವರು ಹೊಸಬರಲ್ಲ. ಹುಡುಕಿಕೊಂಡು ಬಂದು ಅದನ್ನು ಒಪ್ಪಿಕೊಂಡವನು ಇವನೇ ಮೊದಲಿರಬೇಕು.

“ಹಾಗಾದ್ರೆ ನಿಜ ಏನು?” ಎಂದರು.

ಬೈಲಪ್ಪ ಹೇಳಿದ. ಬೋಲ್ಟು, ಕಾಲುಚೀಲ, ರೆಕಾರ್ಡ್ ರೂಮು, ನಲ್ಲಿ, ಒಂದನ್ನೂ ಬಿಡಲಿಲ್ಲ. ಧ್ವನಿ ಏರಲಿಲ್ಲ, ಇಳಿಯಲಿಲ್ಲ. ಅವನು ಹಿಂದೆ ಸರಿದ ಮೇಲೆ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ, ಕೊಟ್ರಪ್ಪ ಕಲಿಸಿದಂತೆ ಮುಂದೆ ಬಂದು ಹೇಳಿ ಹಿಂದೆ ಹೋದರು. ಗಂಗಯ್ಯ ಮಗಳ ಮಾತು ಹೇಳುವಾಗ ಶಾಸಕರೊಬ್ಬರು ಕಿಟಕಿಯ ಕಡೆ ತಿರುಗಿದರು. ಇನ್ನೊಬ್ಬರು, ಸ್ವಲ್ಪ ಚಿಕ್ಕ ವಯಸ್ಸಿನವರು, “ಅಲ್ರೀ, ಪುಣೆಗೆ ಹೋಗೋಕೆ ರೈಲಿನ ಪಾಸ್ ಕೊಡ್ತಾರಲ್ಲ? ಖರ್ಚಿಲ್ಲವಲ್ಲ?” ಎಂದು ಕೇಳಿದರು.

“ಕೊಡ್ತಾರೆ ಸಾರ್” ಎಂದ ಬೈಲಪ್ಪ. “ತಮ್ಮ ಚಪ್ಪಲಿ ಉಂಗುಷ್ಟ ಕಿತ್ತರೆ ಪುಣೆಗೆ ಹೋಗಿ ಹೊಲಿಸ್ಕೊಂಡು ಬನ್ನಿ, ಪಾಸ್ ಕೊಡ್ತೀವಿ ಅಂದ್ರೆ ತಾವು ಹೋಗ್ತೀರಾ?”

ಹಿಂದಿನ ಬೆಂಚಿನಲ್ಲಿ ಯಾರೋ ಜೋರಾಗಿ ನಕ್ಕರು. ಆ ಶಾಸಕರು ತಾವೂ ನಕ್ಕು ಸುಮ್ಮನಾದರು. ತನ್ನ ಗಂಡನಿಗೆ ಇಷ್ಟು ಬಾಯಿದೆ ಎಂದು ಈಶ್ವರಮ್ಮನಿಗೇ ಗೊತ್ತಿರಲಿಲ್ಲ. ಅವಳಿಗೆ ಹೆಮ್ಮೆಯಾಯಿತು. ಪಕ್ಕದಲ್ಲಿ ಕೂತವಳಿಗೆ, “ಅವರು ನಮ್ಮನೆಯೋರು” ಎಂದು ಕೇಳದಿದ್ದರೂ ಹೇಳಿದಳು.

ಅಧ್ಯಕ್ಷರು, “ನಿಮ್ಮಂಥೋರಿಗೆ ನಾವು ಎಷ್ಟು ಮಾಡಿದ್ರೂ ಕಮ್ಮಿ. ಆಗಸ್ಟ್ ಹದಿನೈದಕ್ಕೆ ನಿಮಗೆಲ್ಲ ಒಂದು ಸನ್ಮಾನ ಇಟ್ಕೊಳ್ಳೋಣ. ಶಾಲು, ಹಾರ, ಎಲ್ಲ ನಾನೇ...” ಎಂದರು.

“ಶಾಲು ಬೇಡ ಸಾರ್” ಎಂದ ಬೈಲಪ್ಪ. “ಸ್ಪ್ಯಾನರ್ ಹಿಡಿಯೋಕೆ ಬರೋ ಒಬ್ಬ ಮನುಷ್ಯನ್ನ ಕೊಡಿ.”

ಅನಂತಪದ್ಮನಾಭ ಅವನನ್ನೇ ನೋಡಿದರು. ಕೋಪ ಬಂತೇನೋ ಎಂದು ಕೊಟ್ರಪ್ಪನಿಗೆ ಅಳುಕಾಯಿತು. ಅವರು ಕೈ ಚಾಚಿ ರಾಮಪ್ರಸಾದನಿಂದ ದಾಖಲೆ ತೆಗೆದುಕೊಂಡು, ಹಳೆಯ ಸಾಲಿನ ಮೇಲೆ ತಾವೇ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದರು. “ಬರ್ಕೊಳ್ರೀ” ಎಂದರು. “ಸಮಿತಿ ಶಿಫಾರಸು ಮಾಡುತ್ತೆ. ಒಂದು ಕೋಣೆ, ಒಬ್ಬ ನುರಿತ ಕೆಲಸಗಾರ, ಸಾಮಾನು. ಸನ್ಮಾನ ಅಂತ ಎಲ್ಲೂ ಬರೀಬೇಡಿ.”

ಶಿಫಾರಸು ಎಂದರೆ ಮರುದಿನವೇ ಆಗುತ್ತದೆಯೇ? ಸರ್ಕಾರದ ಕೆಲಸ ದೇವರ ಕೆಲಸ, ದೇವರಷ್ಟೇ ನಿಧಾನ. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಹದಿನಾಲ್ಕು ತಿಂಗಳಾಯಿತು. ಅಷ್ಟೂ ಕಾಲ ಹದಿನೈದು ದಿನಕ್ಕೊಮ್ಮೆ ಸೋಮವಾರ ಬೆಳಿಗ್ಗೆ ಒಂಬತ್ತು ಜನರಲ್ಲಿ ಇಬ್ಬರು, ಸರದಿಯ ಪ್ರಕಾರ, ಅಧ್ಯಕ್ಷರ ಮನೆಯ ಗೇಟಿನ ಮುಂದೆ ಏಳು ಗಂಟೆಗೆ ಸರಿಯಾಗಿ ಹಾಜರಾದರು. ಜಗಳವಿಲ್ಲ, ಘೋಷಣೆಯಿಲ್ಲ. ಸೆಲ್ಯೂಟ್ ಹೊಡೆದು, “ಕಾಲು ಇನ್ನೂ ಕಿರ್ ಅಂತಿದೆ ಸಾರ್” ಎಂದು ವರದಿ ಕೊಟ್ಟು ಬರುತ್ತಿದ್ದರು. ಕೊನೆಕೊನೆಗೆ ಅಧ್ಯಕ್ಷರ ಹೆಂಡತಿಯೇ ಒಳಗಿನಿಂದ, “ರೀ, ಕಾಲಿನವರು ಬಂದ್ರು. ಆ ಫೋನು ಮಾಡಿದ್ರಾ ಇಲ್ವಾ?” ಎಂದು ಕೇಳಲು ಶುರುಮಾಡಿದರಂತೆ.

ಎಂಬತ್ತೆರಡರ ದಸರಾ ಕಳೆದ ಮೇಲೆ ಜಯನಗರದ ಒಂದು ಸರ್ಕಾರಿ ಕಟ್ಟಡದ ಹಿಂಭಾಗದಲ್ಲಿ ಆ ಕೋಣೆಯ ಬಾಗಿಲು ತೆರೆಯಿತು. ಟೇಪು ಕತ್ತರಿಸಲಿಲ್ಲ, ದೀಪ ಹಚ್ಚಲಿಲ್ಲ. ಪುಣೆಯಲ್ಲಿ ಕೆಲಸ ಕಲಿತು ಬಂದ ಕರಿಬಸವಯ್ಯ ಎಂಬ ಮನುಷ್ಯ ಖಾಕಿ ಕೋಟು ತೊಟ್ಟು ಕೂತಿದ್ದ. ಬೈಲಪ್ಪನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿ, ಸೈಕಲ್ ಟ್ಯೂಬನ್ನು ಬಿಚ್ಚಿ ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದನ್ಯಾರು ಸುತ್ತಿದ್ದು ಸಾರ್?” ಎಂದ.

“ಸೈಕಲ್ ಶಾಪಿನವನು.”

“ಪಾಪ, ಒಳ್ಳೇ ಕೆಲಸಗಾರ. ಆದ್ರೆ ನೀವು ಸೈಕಲ್ ಅಲ್ವಲ್ಲ.”

ಮೋಟಿಗೆ ಹೊಸದಾಗಿ ಅಳತೆ ತೆಗೆದ. ಮೂರು ವಾರ ಬಿಟ್ಟು ಬನ್ನಿ ಎಂದ. ಮೂರು ವಾರಕ್ಕೆ ಹೋದರೆ ಹೇಳಿದಂತೆ ಸಿದ್ಧವಿತ್ತು. ಬೈಲಪ್ಪ ತೊಟ್ಟುಕೊಂಡು ಎದ್ದ. ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆದ, ಮತ್ತೆ ನಡೆದ. ಒಂದೇ ಕಾಲುಚೀಲ. ನೋಯಲಿಲ್ಲ. ಈಶ್ವರಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. “ಹೆಂಗಿದೆ?” ಎಂದು ಕೇಳಿದಳು. ಅವನು ಕರಿಬಸವಯ್ಯನ ಎರಡೂ ಕೈ ಹಿಡಿದುಕೊಂಡ.

ಹೊರಗೆ ಬಂದಾಗ ಸಂಜೆ ಐದಾಗಿತ್ತು. “ಬಸ್ ಬೇಡ, ನಡ್ಕೊಂಡೇ ಹೋಗ್ತೀನಿ” ಎಂದ ಬೈಲಪ್ಪ. ನಾಲ್ಕನೇ ಬ್ಲಾಕಿನ ಮಾರುಕಟ್ಟೆಯ ದಾರಿ ಜನರಿಂದ ತುಂಬಿತ್ತು. ಹತ್ತು ವರ್ಷ ಅವನ ಜೊತೆ ಹೆಜ್ಜೆ ಹಿಡಿದು ಹಿಡಿದು ಇಟ್ಟ ಈಶ್ವರಮ್ಮ ಅದೇ ಅಭ್ಯಾಸದಲ್ಲಿ ನಡೆಯುತ್ತಿದ್ದಳು. ನೋಡಿದರೆ ಅವನು ನಾಲ್ಕು ಮಾರು ಮುಂದಿದ್ದ, ಆಮೇಲೆ ಹತ್ತು ಮಾರು. ಕೂಗೋಣವೆಂದುಕೊಂಡಳು. ಕೂಗಲಿಲ್ಲ. ಹೂವಿನ ಸಪ್ಪಲಮ್ಮನ ಬುಟ್ಟಿಯ ಪಕ್ಕದಲ್ಲಿ ನಿಂತುಬಿಟ್ಟಳು.

“ಯಾಕಕ್ಕ, ನಿಂತ್ಬಿಟ್ರಿ? ಯಾರನ್ನ ನೋಡ್ತಿದೀರಿ?” ಎಂದಳು ಸಪ್ಪಲಮ್ಮ.

“ನಮ್ಮನೆಯೋರನ್ನ. ಅಗೋ ಅಲ್ಲಿ, ನಡ್ಕೊಂಡ್ ಹೋಗ್ತಿದಾರಲ್ಲ.”

ಸಪ್ಪಲಮ್ಮ ಕತ್ತು ಉದ್ದ ಮಾಡಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

“ಎಲ್ರೂ ನಡ್ಕೊಂಡೇ ಹೋಗ್ತಿದಾರಲ್ಲಕ್ಕ. ಅದ್ರಲ್ಲಿ ಯಾರು?”

ಈಶ್ವರಮ್ಮ ನಕ್ಕಳು. ಮಲ್ಲಿಗೆ ಎರಡು ಮೊಳ ಅಳೆಯಲು ಹೇಳಿ, ಆ ಜನರ ನಡುವೆ ಅವನು ಯಾವನೆಂದು ತನಗೂ ಗೊತ್ತಾಗದಷ್ಟು ದೂರ ಹೋಗುವವರೆಗೆ ಅಲ್ಲೇ ನಿಂತಿದ್ದಳು.